ಮುಂದಿನ ನೌಕೆಯನ್ನು ಹಿಡಿಯಲು ವೇಗ ಇಳಿಸಿ

ರಾಕೆಟ್ ಎಂದರೆ ಮೇಲಕ್ಕೆ ಹೋಗುವ ಯಂತ್ರ ಎಂದೇ ಹೆಚ್ಚಿನ ವಿದ್ಯಾರ್ಥಿಗಳ ಎಣಿಕೆ. ‘ಕೆರ್ಬಲ್ ಸ್ಪೇಸ್ ಪ್ರೋಗ್ರಾಂ’ ಆಟಕ್ಕೆ ಕೂತವರಲ್ಲಿ ಆ ಎಣಿಕೆ ಒಂದು ಗಂಟೆಯೂ ಉಳಿಯುವುದಿಲ್ಲ. ನೆಟ್ಟಗೆ ಹಾರಿಸಿದ ರಾಕೆಟ್ ನೂರು ಕಿಲೋಮೀಟರ್ ಏರಿದರೂ ನೆಟ್ಟಗೇ ವಾಪಸ್ ಬೀಳುತ್ತದೆ. ಆಟದ ‘ಕೆರ್ಬಿನ್’ ಗ್ರಹದ ವಾತಾವರಣ 70 ಕಿ.ಮೀ.ಗೆ ಮುಗಿಯುತ್ತದೆ, ನಿಜ. ಆದರೆ ಅಲ್ಲಿಗೆ ಮುಟ್ಟಿದರೆ ಸಾಲದು. ಸೆಕೆಂಡಿಗೆ 2.2 ಕಿ.ಮೀ.ಗಿಂತ ಹೆಚ್ಚಿನ ವೇಗದಲ್ಲಿ ಅಡ್ಡಲಾಗಿ ಓಡಿದರೆ ಮಾತ್ರ ಕಕ್ಷೆ ಸಿಗುತ್ತದೆ.

ಮೆಕ್ಸಿಕೊ ಸಿಟಿಯ ಸ್ಕ್ವಾಡ್ ಸಂಸ್ಥೆಯಲ್ಲಿ ಫೆಲಿಪೆ ಫಲಾಂಗೆ ರೂಪಿಸಿದ ಈ ಆಟ 2011ರಲ್ಲಿ ಜನರ ಕೈಸೇರಿತು. ಫಿನ್‌ಲೆಂಡಿನ ಟೀಚರ್‌ಗೇಮಿಂಗ್ ಸಂಸ್ಥೆ ಶಾಲೆಗಳಿಗೆಂದೇ ‘ಕೆರ್ಬಲ್‌ಎಜು’ ಎಂಬ ಆವೃತ್ತಿ ತಂದಿತು. ಟ್ಯಾಂಕು, ಎಂಜಿನ್ನು, ರೆಕ್ಕೆಗಳನ್ನು ಜೋಡಿಸಿ ಹಾರಿಸುವುದು ಮಕ್ಕಳಿಗೆ ಬಹುಬೇಗ ಒಗ್ಗುತ್ತದೆ. ಅದನ್ನು ಯಾರೂ ಹೇಳಿಕೊಡಬೇಕಿಲ್ಲ.

ಹೇಳಿಕೊಡಬೇಕಾದ್ದು ಕಕ್ಷೆಯಲ್ಲಿ ಒಂದು ನೌಕೆ ಇನ್ನೊಂದನ್ನು ಸೇರುವ ವಿದ್ಯೆ. ಗುರಿಯ ನೌಕೆ ಅದೇ ಕಕ್ಷೆಯಲ್ಲಿ ಸ್ವಲ್ಪ ಮುಂದಿದೆ ಅನ್ನಿ. ಹುಡುಗರು ತಕ್ಷಣ ಅದರತ್ತ ಮೂತಿ ತಿರುಗಿಸಿ ಎಂಜಿನ್ ಹೊತ್ತಿಸುತ್ತಾರೆ. ವೇಗ ಹೆಚ್ಚಿದಂತೆ ಕಕ್ಷೆ ದೊಡ್ಡದಾಗುತ್ತದೆ, ಒಂದು ಸುತ್ತಿಗೆ ಹಿಡಿಯುವ ಸಮಯ ಬೆಳೆಯುತ್ತದೆ, ಗುರಿ ಇನ್ನಷ್ಟು ದೂರ ಸರಿಯುತ್ತದೆ. ಮುಂದಿರುವುದನ್ನು ಹಿಡಿಯಲು ವೇಗ ಇಳಿಸಿ ಕೆಳಗಿನ ಕಕ್ಷೆಗೆ ಜಾರಬೇಕು. ಕೆಳಗಿನ ಸುತ್ತು ಬೇಗ ಮುಗಿಯುವುದರಿಂದ ಅಂತರ ತಾನಾಗಿ ಕರಗುತ್ತದೆ. 1965ರ ಜೂನ್‌ನಲ್ಲಿ ಜೆಮಿನಿ 4ರ ಜೇಮ್ಸ್ ಮೆಕ್‌ಡಿವಿಟ್ ತಮ್ಮದೇ ಟೈಟಾನ್ ರಾಕೆಟಿನ ಖಾಲಿ ಹಂತವನ್ನು ಸಮೀಪಿಸಲು ಹೀಗೇ ಅದರತ್ತ ನೌಕೆ ನೂಕಿ ನೋಡಿದರು. ಇಂಧನ ಖರ್ಚಾಯಿತೇ ಹೊರತು ಅದು ಸಿಗಲಿಲ್ಲ. ಬಝ್ ಆಲ್ಡ್ರಿನ್ ಎಂಐಟಿಯಲ್ಲಿ ಡಾಕ್ಟರೇಟ್ ಪಡೆದದ್ದು ಇಂಥ ಕಕ್ಷಾ ಸಮಾಗಮದ ಮೇಲೆಯೇ. ನುರಿತ ಪೈಲಟ್ ಎಡವಿದ ಜಾಗದಲ್ಲಿ ಹದಿನಾಲ್ಕರ ಹುಡುಗಿಯೊಬ್ಬಳು ಎಡವಿ, ಕಾರಣ ಹುಡುಕಿ, ಗೆಲ್ಲುವುದು ಸಣ್ಣ ಶಿಕ್ಷಣವಲ್ಲ.

ನಮ್ಮ ಮಂಗಳಯಾನವೂ ಈ ತರಗತಿಗೆ ಒಳ್ಳೆಯ ಪಾಠ. 2013ರ ನವೆಂಬರ್ 5ರಂದು ಹೊರಟ ನೌಕೆ ಆ ತಿಂಗಳ ಕೊನೆಯವರೆಗೂ ಭೂಮಿಯನ್ನೇ ಸುತ್ತುತ್ತಿದ್ದದ್ದೇಕೆ? ಅದರ ಮುಖ್ಯ ಎಂಜಿನ್ನಿನ ನೂಕುಬಲ ಬರೀ 440 ನ್ಯೂಟನ್. ಭೂಮಿಗೆ ಹತ್ತಿರ ಬಂದಾಗ, ವೇಗ ಹೆಚ್ಚಿರುವಾಗ ಉರಿಸಿದ ಇಂಧನಕ್ಕೆ ಫಲ ಜಾಸ್ತಿ. ಆದರೆ ಪುಟ್ಟ ಎಂಜಿನ್ ಆ ಕಿರುಗಾಲದಲ್ಲಿ ಎಲ್ಲ ಕೆಲಸ ಮುಗಿಸಲಾರದು. ಹಾಗಾಗಿ ಪ್ರತಿ ಬಾರಿ ಹತ್ತಿರ ಬಂದಾಗ ಒಂದಿಷ್ಟು ಉರಿಸಿ ಕಕ್ಷೆಯನ್ನು ಹಿಗ್ಗಿಸುತ್ತ ಹೋದರು. ನಾಲ್ಕನೆಯ ಸಲ ವೇಗ ಸಾಲದೆ ಬಂದಾಗ ಮರುದಿನವೇ ಪೂರಕ ದಹನ ನಡೆಸಿ ಸರಿಪಡಿಸಿದರು. ಆಟದಲ್ಲೂ ಅಷ್ಟೇ ತೂಕದ ನೌಕೆಗೆ ಸಣ್ಣ ಎಂಜಿನ್ ಕಟ್ಟಿ, ಒಂದೇ ದಹನದಲ್ಲಿ ಹೊರಡಲು ಹೇಳಿ ನೋಡಿ. ಇಸ್ರೊದ ತಾಳ್ಮೆಯ ಅರ್ಥ ಆಗ ಹೊಳೆಯುತ್ತದೆ.

ಆಟದ ಮಿತಿಗಳನ್ನು ಮುಚ್ಚಿಡಬಾರದು. ಕೆರ್ಬಿನ್‌ನ ತ್ರಿಜ್ಯ 600 ಕಿ.ಮೀ., ಭೂಮಿಯ ಹತ್ತರಲ್ಲೊಂದಕ್ಕೂ ಕಡಿಮೆ. ಅಲ್ಲಿ ಕಕ್ಷೆ ಸೇರುವುದು ಅದಕ್ಕೇ ಸಲೀಸು. ನೌಕೆಯನ್ನು ಒಂದು ಹೊತ್ತಿಗೆ ಒಂದೇ ಆಕಾಶಕಾಯ ಎಳೆಯುತ್ತದೆ ಎಂಬುದು ಅದರ ಲೆಕ್ಕ. ಆದ್ದರಿಂದ ಭೂಮಿ ಮತ್ತು ಸೂರ್ಯ ಎರಡರ ಸೆಳೆತವನ್ನೂ ನೆಚ್ಚಿ ಎಲ್1 ಬಿಂದುವಿನ ಸುತ್ತ ನಿಂತ ಆದಿತ್ಯ-ಎಲ್1ನ ಹಾದಿಯನ್ನು ಮೂಲ ಆಟದಲ್ಲಿ ತೋರಿಸಲಾಗದು. ಇದೂ ಪಾಠವೇ. ಮಾದರಿಯೊಂದು ಏನನ್ನು ಬಿಟ್ಟಿದೆ ಎಂದು ಕೇಳುವ ಅಭ್ಯಾಸ ವಿಜ್ಞಾನಕ್ಕೆ ಬೇಕೇ ಬೇಕು.

ಕಂಪ್ಯೂಟರ್ ಕೊಠಡಿಯ ಬೀಗ ತೆಗೆಯಲು ಮನಸ್ಸಿರುವ ಶಿಕ್ಷಕರಲ್ಲಿ ನನ್ನದೊಂದು ಕೋರಿಕೆ. ಉಡಾವಣೆಗೆ ಮುಂಚೆ ಮಕ್ಕಳ ಕೈಗೆ ನೋಟ್‌ಬುಕ್ ಕೊಡಿ. ಇಂಧನ ತುಂಬಿದ ತೂಕ ಬರಿದಾದ ತೂಕದ ಎಷ್ಟು ಪಟ್ಟು, ಅದರಿಂದ ಎಷ್ಟು ವೇಗ ದಕ್ಕೀತು ಎಂದು ತ್ಸಿಯೊಲ್ಕೊವ್‌ಸ್ಕಿಯ ಸೂತ್ರ ಹಿಡಿದು ಬರೆಸಿ. ವೇಗ ಇಮ್ಮಡಿಯಾಗಬೇಕಾದರೆ ತೂಕದ ಅನುಪಾತ ಎರಡರಿಂದ ನಾಲ್ಕಕ್ಕೆ ಏರಬೇಕು ಎಂದು ಕಂಡಾಗ, ಖಾಲಿ ಟ್ಯಾಂಕುಗಳನ್ನು ಕಳಚುತ್ತ ಹೋಗುವುದು ಏಕೆಂದು ಅವರೇ ಹೇಳುತ್ತಾರೆ. ಲೆಕ್ಕ ಬರೆದ ಮೇಲೆಯೇ ಎಂಜಿನ್ ಹೊತ್ತಿಸಲು ಬಿಡಿ.