ಕಾಣದ ಚಿಗರಿಯ ಲೆಕ್ಕ

ಕರ್ಜಗಿ, ಬ್ಯಾಡಗಿ, ರಾಣೆಬೆನ್ನೂರು ಸೀಮೆಯವರಿಗೆ ಚಿಗರಿ, ಅಂದರೆ ಕೃಷ್ಣಮೃಗ, ಹೊಸದಲ್ಲ. ಗೋವಿನಜೋಳ ಮೊಳಕೆಯೊಡೆದರೆ ಸಾಕು, ಹಿಂಡು ಹೊಲಕ್ಕಿಳಿಯುತ್ತದೆ. ‘ಎಷ್ಟಿದ್ವು?’ ಎಂದರೆ ಬೆಳೆ ಕಳಕೊಂಡವನು ನೂರು ಅನ್ನುತ್ತಾನೆ, ರಸ್ತೆಯಲ್ಲಿ ಹೋಗುತ್ತಿದ್ದವನು ಇಪ್ಪತ್ತು ಅನ್ನುತ್ತಾನೆ. ಇಬ್ಬರದೂ ಸುಳ್ಳಲ್ಲ. ನಿಂತ ಜಾಗ ಬೇರೆ, ಅಷ್ಟೇ.

1974ರಲ್ಲಿ ಘೋಷಣೆಯಾದ ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯದ ವಿಸ್ತೀರ್ಣ 119 ಚದರ ಕಿ.ಮೀ. ಬಯಲಲ್ಲಿ ದೂರದಿಂದಲೇ ಎದ್ದು ಕಾಣುವ ಕಪ್ಪು ಗಂಡು, ನೀಲಗಿರಿ ಸಾಲಿನೊಳಗೆ ಹೊಕ್ಕರೆ ಮಾಯ. ಮಣ್ಣಿನ ಬಣ್ಣದ ಹೆಣ್ಣನ್ನಂತೂ ಕುರುಚಲಿನಲ್ಲಿ ಹುಡುಕಬೇಕು. ಹಾಗಾಗಿ ಗಣತಿಯ ಅಸಲಿ ಪ್ರಶ್ನೆ ಕಂಡದ್ದೆಷ್ಟು ಎಂಬುದಲ್ಲ, ಕಾಣದೆ ಉಳಿದದ್ದೆಷ್ಟು ಎಂಬುದು.

ಅದಕ್ಕೇ ಟ್ರಾನ್ಸೆಕ್ಟ್ ಲೈನ್. ನೇರ ಗೆರೆಯಲ್ಲಿ ಸದ್ದಿಲ್ಲದೆ ನಡೆಯಬೇಕು. ಹಿಂಡು ಕಂಡೊಡನೆ ತಲೆ ಎಣಿಸಿ, ದೂರವನ್ನೂ ಕೋನವನ್ನೂ ಅಳೆದು, ಗೆರೆಯಿಂದ ಅದು ಎಷ್ಟು ಮೀಟರ್ ಆಚೆ ಇತ್ತೆಂದು ಬರೆದುಕೊಳ್ಳಬೇಕು. ಗೆರೆಯ ಮೇಲಿನದು ತಪ್ಪುವುದಿಲ್ಲ; ದೂರ ಹೋದಂತೆ ಕಾಣುವುದು ಕಡಿಮೆಯಾಗುತ್ತದೆ. ಆ ಇಳಿಕೆಯೇ ತಪ್ಪಿಸಿಕೊಂಡವುಗಳ ಸುಳಿವು ಕೊಡುತ್ತದೆ.

ಉದಾಹರಣೆಗೆ ಒಟ್ಟು 20 ಕಿ.ಮೀ. ನಡಿಗೆ, ಎರಡೂ ಬದಿಗೆ 200 ಮೀಟರ್ ನೋಟ ಎಂದಿಟ್ಟುಕೊಳ್ಳಿ. ಅಲ್ಲಿಗೆ 8 ಚದರ ಕಿ.ಮೀ. ಕಂಡ ಚಿಗರಿ 48. ಇದ್ದವುಗಳಲ್ಲಿ ನೂರಕ್ಕೆ ಅರವತ್ತು ಮಾತ್ರ ಕಣ್ಣಿಗೆ ಬೀಳುತ್ತವೆಂದು ದೂರದ ಲೆಕ್ಕ ಹೇಳಿದರೆ, ನಿಜಕ್ಕೂ ಇದ್ದವು 80. ಅಂದರೆ ಚದರ ಕಿ.ಮೀ.ಗೆ ಹತ್ತು. ಬಯಲಿಗೊಂದು, ನೆಡುತೋಪಿಗೊಂದು ಹೀಗೆ ಬೇರೆ ಬೇರೆ ಲೆಕ್ಕವೇ ಬೇಕು. ಎಷ್ಟು ಹೆಚ್ಚುಕಮ್ಮಿ ಇರಬಹುದೆಂದು ಹೇಳದ ಅಂಕಿಯನ್ನು ಈ ಅಂಕಣ ನಂಬುವುದಿಲ್ಲ.

ಹುಲಿಯ ದಾರಿ ಬೇರೆ. ನಾಗರಹೊಳೆಯಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಕ್ಯಾಮೆರಾ ಇಟ್ಟು, ಮೈಮೇಲಿನ ಪಟ್ಟೆಗಳಿಂದಲೇ ಒಂದೊಂದು ಹುಲಿಯನ್ನೂ ಗುರುತಿಸಿದರು. ಒಮ್ಮೆ ಸಿಕ್ಕದ್ದು ಮತ್ತೆಷ್ಟು ಸಲ ಸಿಕ್ಕಿತು ಎಂಬುದರಿಂದ ಸಿಗದವುಗಳ ಅಂದಾಜು; ಆ ಅಧ್ಯಯನ ಪ್ರಕಟವಾದದ್ದು 1995ರಲ್ಲಿ. ಹೆಜ್ಜೆಗುರುತಿನ ಎಣಿಕೆಯನ್ನೇ ನಂಬಿದ್ದ ರಾಜಸ್ಥಾನದ ಸರಿಸ್ಕಾದಲ್ಲಿ, ಕಾಗದದ ಮೇಲೆ ಹುಲಿಗಳಿದ್ದಂತೆಯೇ, 2005ರ ಹೊತ್ತಿಗೆ ಕಾಡಲ್ಲಿ ಒಂದೂ ಉಳಿದಿರಲಿಲ್ಲ. ಚಿಗರಿಯ ಮೈಮೇಲೆ ಅಂಥ ಪಟ್ಟೆಯಿಲ್ಲ, ನಡೆದೇ ಎಣಿಸಬೇಕು.

ನಡೆಯುವ ಗೆರೆ ಎಲ್ಲಿ ಹಾಯಬೇಕೆಂಬುದು ಈ ಸೀಮೆಯಲ್ಲಿ ಬಹಳ ಮುಖ್ಯ. ಹಿಂಡು ಅಭಯಾರಣ್ಯದ ಗಡಿಕಲ್ಲಿಗೆ ನಿಲ್ಲುವುದಿಲ್ಲ, ಎರೆಹೊಲಕ್ಕೆ ಹೋಗಿ ಬಂದು ಮಾಡುತ್ತದೆ. ಗೆರೆ ನೀಲಗಿರಿ ತೋಪಿನ ಅಂಚಿಗೇ ಮುಗಿದರೆ, ಆಚೆ ಗೋವಿನಜೋಳ ಮೇಯುತ್ತಿರುವವು ಯಾವ ಪುಸ್ತಕಕ್ಕೂ ಬರುವುದಿಲ್ಲ. ಹೊಲದ ಬದುವಿನ ಮೇಲೂ ಆ ಗೆರೆ ಹಾಯಲಿ, ಕಾವಲಿಗೆ ಕೂತ ರೈತನೂ ಜತೆಗೆ ನಡೆಯಲಿ.