ಅಳೆದ ಬಿಸಿಲು, ಊಹಿಸಿದ ಕತ್ತಲೆ

ಭೂಪಟವೆಂದೊಡನೆ ನಮಗೆ ನೆನಪಾಗುವುದು ದೇಶಗಳ ಗಡಿ, ನದಿ, ಪರ್ವತಗಳು. ಆದರೆ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ, ಹವಾಮಾನ, ಧರ್ಮ, ನಾಗರಿಕತೆ ಮುಂತಾದ ಒಂದೊಂದು ವಿಷಯದ ದೃಷ್ಟಿಯಿಂದ ಇಡೀ ಜಗತ್ತನ್ನು ಚಿತ್ರಿಸುವ ಪಟಗಳು ಶಾಲಾ ಮಕ್ಕಳ ಕೈಸೇರಿದವು. ಅಮೆರಿಕದ ಶಿಕ್ಷಕ ವಿಲಿಯಂ ಚಾನಿಂಗ್ ವುಡ್‌ಬ್ರಿಜ್ ರಚಿಸಿದ ಅಂತಹ ಎರಡು ಪಟಗಳನ್ನು ಅಕ್ಕಪಕ್ಕದಲ್ಲಿಟ್ಟು ಪರಿಶೀಲಿಸೋಣ.

1823ರ ಪಟ ಭೂಮಿಯ ಉಷ್ಣತೆಯದು. ಸರಾಸರಿ ಉಷ್ಣತೆ ಸಮನಾಗಿರುವ ಸ್ಥಳಗಳನ್ನು ಒಂದೇ ರೇಖೆಯಿಂದ ಜೋಡಿಸುವ ವಿಧಾನವನ್ನು ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ 1817ರಲ್ಲಿ ನೀಡಿದ್ದರು. ಈ ಸಮೋಷ್ಣರೇಖೆಗಳು ಅಕ್ಷಾಂಶಗಳಂತೆ ನೇರವಾಗಿ ಸಾಗದೆ ಬಾಗುತ್ತವೆ. ನೇಪಲ್ಸ್ ಮತ್ತು ನ್ಯೂಯಾರ್ಕ್ ಬಹುತೇಕ ಒಂದೇ ಅಕ್ಷಾಂಶದಲ್ಲಿದ್ದರೂ ನೇಪಲ್ಸ್ ಹೆಚ್ಚು ಬೆಚ್ಚಗಿರುತ್ತದೆ. ಇದನ್ನು ಯಾರು ಬೇಕಾದರೂ ಉಷ್ಣಮಾಪಕ ಹಿಡಿದು ಪರೀಕ್ಷಿಸಬಹುದು, ತಪ್ಪಿದ್ದರೆ ತಿದ್ದಬಹುದು.

1821ರ ಪಟ ಮನುಷ್ಯರದು. ಅದು ಧರ್ಮ, ಆಡಳಿತ ಪದ್ಧತಿ ಮತ್ತು ಜನಸಂಖ್ಯೆಯ ಜೊತೆಗೆ ನಾಗರಿಕತೆಯ ಮಟ್ಟವನ್ನೂ ತೋರಿಸುತ್ತದೆ. ಕಾಡುಜನರು, ಅನಾಗರಿಕರು, ಅರೆನಾಗರಿಕರು, ನಾಗರಿಕರು, ಪ್ರಬುದ್ಧರು ಎಂಬ ಐದು ಮೆಟ್ಟಿಲು. ಕೆಳಗಿನವರಿಗೆ ಕಪ್ಪು ಛಾಯೆ, ಮೇಲಿನವರಿಗೆ ಬೆಳಕು. ಈ ಕತ್ತಲೆಯನ್ನು ಅಳೆದ ಮಾಪಕ ಯಾವುದು? ಅಂತಹ ಮಾಪಕವೇ ಇರಲಿಲ್ಲ. ಅಂದಿನ ಅಮೆರಿಕದ ಪಠ್ಯಗಳು ಸಾಮಾನ್ಯವಾಗಿ ಭಾರತವನ್ನು ಅರೆನಾಗರಿಕವೆಂದೇ ಗಣಿಸುತ್ತಿದ್ದವು. ಆಗಲೇ ನಮ್ಮ 'ಕವಿರಾಜಮಾರ್ಗ'ಕ್ಕೆ ಸಾವಿರ ವರ್ಷಗಳು ತುಂಬುತ್ತ ಬಂದಿದ್ದವು!

ವುಡ್‌ಬ್ರಿಜ್ ಕಲ್ಲುಹೃದಯದವರಾಗಿರಲಿಲ್ಲ. ಹಾರ್ಟ್‌ಫರ್ಡ್ ನಗರದ ಶಾಲೆಯಲ್ಲಿ, ಸಮಾಜ ಕಡೆಗಣಿಸಿದ್ದ ಕಿವುಡ ಮಕ್ಕಳಿಗೆ ವಿದ್ಯೆ ಕಲಿಸಿದವರು ಅವರು. ಎದುರಿಗೆ ಕುಳಿತ ಮಗುವಿನಲ್ಲಿ ಬೆಳಕನ್ನು ಕಂಡವರು, ತಾವು ಕಾಣದ ಜನಾಂಗಗಳ ಮೇಲೆ ಮಸಿ ಬಳಿದರು. ಸಜ್ಜನರ ಕೈಯಿಂದಲೂ ಇಂತಹ ಅನ್ಯಾಯ ನಡೆಯಬಲ್ಲದು ಎಂಬುದೇ ಇಲ್ಲಿ ನಾವು ಗಂಭೀರವಾಗಿ ಚಿಂತಿಸಬೇಕಾದ ವಿಷಯ.

ಈ ಪಟದ ದೊಡ್ಡ ದೋಷ ಅದರ ಅಭಿಪ್ರಾಯವಷ್ಟೇ ಅಲ್ಲ; ಅಭಿಪ್ರಾಯಕ್ಕೆ ಅಳತೆಯ ವೇಷ ತೊಡಿಸಿದ್ದು. ಒಬ್ಬರೇ ಶಿಕ್ಷಕರ ಹೆಸರಿನಲ್ಲಿ, ಅದೇ ಅಚ್ಚಿನ ಗಾಂಭೀರ್ಯದಲ್ಲಿ ಬಂದ ಎರಡೂ ಪಟಗಳನ್ನು ಮಗು ಸಮಾನವಾಗಿ ನಂಬುತ್ತದೆ.

ಇಂದು ಆ ಪಟಗಳು ಸಂಗ್ರಹಾಲಯ ಸೇರಿವೆ. ಆದರೂ ಒಂದು ಊರನ್ನು, ಒಂದು ಕೇರಿಯನ್ನು, ಒಂದು ಜನವರ್ಗವನ್ನು ಒಂದೇ ಬಣ್ಣದಲ್ಲಿ ತೋರಿಸುವ ಅಭ್ಯಾಸ ಅಳಿದಿಲ್ಲ. ನಿಮ್ಮ ಮಕ್ಕಳು ಅಂತಹ ಚಿತ್ರವೊಂದನ್ನು ಮುಂದೆ ಹಿಡಿದಾಗ, "ಇದನ್ನು ಅಳೆದವರು ಯಾರು? ಯಾವುದರಿಂದ ಅಳೆದರು?" ಎಂದು ಕೇಳುವುದನ್ನು ಅವರಿಗೆ ಕಲಿಸಿರಿ. ನೆರೆಯವರಿಗೆ ನ್ಯಾಯ ಸಲ್ಲಿಸುವ ಕೆಲಸ ಆ ಪ್ರಶ್ನೆಯಿಂದಲೇ ಆರಂಭವಾಗುತ್ತದೆ.