ಮ್ಯಾಕ್ರೋ ಸತ್ತಿಲ್ಲ, ಟಿಕ್ ಹೋಗಿದೆ

ಗದಗ-ಬೆಟಗೇರಿಯ ಅಡತಿ ಅಂಗಡಿಯ ಗುಮಾಸ್ತರಿಗೆ ಎಕ್ಸೆಲ್ ಮ್ಯಾಕ್ರೋ ಅಂದರೆ ಒಂದು ಗುಂಡಿ. ಹೆಸರು, ಶೇಂಗಾ, ಒಣಮೆಣಸಿನಕಾಯಿ ಯಾವುದೇ ಇರಲಿ, ಚೀಲ-ತೂಕ-ದರ ತುಂಬಿ ಒತ್ತಿದರೆ ಪಟ್ಟಿ ತಯಾರಾಗಬೇಕು, ಮೊತ್ತ ಅಕ್ಷರದಲ್ಲಿ ಮೂಡಬೇಕು. ಮೈಕ್ರೋಸಾಫ್ಟ್ ಕೊಡುವ ಮಾದರಿ ಕೋಡ್ ಮಿಲಿಯನ್ ಲೆಕ್ಕ ಹೇಳುತ್ತದೆ. ಅದನ್ನು ತಿದ್ದಿ ಲಕ್ಷ, ಕೋಟಿಗೆ ತಂದುಕೊಂಡರೇ ನಮ್ಮವರಿಗೆ ಉಪಯೋಗ. ಆಫೀಸ್ 2010 ತೆಗೆದು ಹೊಸದನ್ನು ಹಾಕಿಸಿದ ಮರುದಿನ ಆ ಗುಂಡಿ ಮಿಸುಕುವುದಿಲ್ಲ.

ಮೊದಲು ಮೇಲಿನ ಪಟ್ಟೆಯ ಬಣ್ಣ ನೋಡಬೇಕು. ಹಳದಿಯಾದರೆ ಅನುಮತಿ ಕೊಡುವ ಗುಂಡಿ ಅಲ್ಲೇ ಇರುತ್ತದೆ. ಕೆಂಪಾದರೆ ಇರುವುದಿಲ್ಲ. ಲಕ್ಷ್ಮೇಶ್ವರದಿಂದ ಇಮೇಲ್‌ನಲ್ಲೋ ವಾಟ್ಸ್‌ಆ್ಯಪ್ ವೆಬ್‌ನಲ್ಲೋ ಬಂದ ಫೈಲಿಗೆ ವಿಂಡೋಸ್ ‘ಅಂತರ್ಜಾಲದ್ದು’ ಎಂದು ಗುರುತು ಹಾಕುತ್ತದೆ. ಅಂಥವುಗಳ ಮ್ಯಾಕ್ರೋವನ್ನು ಮೈಕ್ರೋಸಾಫ್ಟ್ 2022ರಿಂದ ತಾನಾಗಿಯೇ ತಡೆಯುತ್ತಿದೆ. ಕಳಿಸಿದವರಿಗೆ ಫೋನ್ ಮಾಡಿ ಖಚಿತಪಡಿಸಿಕೊಂಡ ಮೇಲೆ ಫೈಲಿನ ಪ್ರಾಪರ್ಟೀಸ್‌ನಲ್ಲಿ ಅನ್‌ಬ್ಲಾಕ್ ಒತ್ತಿದರಾಯಿತು. ಎಫ್‌ಎಟಿ32 ಪೆನ್‌ಡ್ರೈವ್‌ನಲ್ಲಿ ದಾಟಿ ಬಂದರೆ ಆ ಗುರುತೇ ಅಳಿಸಿಹೋಗುತ್ತದೆ. ಹಾಗೆಂದು ಪೆನ್‌ಡ್ರೈವ್ ಸುರಕ್ಷಿತ ಎಂದುಕೊಂಡವರು ಮೋಸ ಹೋದರು!

ಗೊಂದಲ ಹೆಚ್ಚುವುದು ಇನ್ನೊಂದು ಅನುಮತಿಯಲ್ಲಿ. ಸಹಕಾರಿ ಸಂಘವೊಂದರಲ್ಲಿ ಶಿರಹಟ್ಟಿ, ಮುಂಡರಗಿಯ ಶಾಖೆಗಳಿಗೆ ಕಳಿಸುವ ಪ್ರತಿ ವರ್ಕ್‌ಬುಕ್ಕಿಗೂ ತಾನೇ ಕೋಡ್ ಸೇರಿಸುವ ಮ್ಯಾಕ್ರೋ ಒಂದಿದೆ ಎನ್ನಿ. ಉಳಿದ ಮ್ಯಾಕ್ರೋಗಳು ಓಡುತ್ತವೆ, ಇದೊಂದು ಮಾತ್ರ 1004 ಎಂಬ ದೋಷ ತೋರಿಸಿ ನಿಲ್ಲುತ್ತದೆ. ಮ್ಯಾಕ್ರೋ ಓಡುವುದಕ್ಕೆ ಒಂದು ಪರವಾನಗಿ, ಬೇರೆ ಫೈಲಿನ ಕೋಡನ್ನು ಮುಟ್ಟುವುದಕ್ಕೆ ಮತ್ತೊಂದು. ಎರಡನೆಯದು ಟ್ರಸ್ಟ್ ಸೆಂಟರ್‌ನ ಮ್ಯಾಕ್ರೋ ಸೆಟ್ಟಿಂಗ್ಸ್‌ನ ಕೆಳಗಡೆ, ‘ವಿಬಿಎ ಪ್ರಾಜೆಕ್ಟ್ ಆಬ್ಜೆಕ್ಟ್ ಮಾಡೆಲ್’ ಎಂಬ ಸಾಲಿನಲ್ಲಿದೆ. ಸಹಜವಾಗಿ ಅದು ಖಾಲಿ; ಹಳೆಯ ಆವೃತ್ತಿಯ ಟಿಕ್ ಹೊಸದಕ್ಕೆ ಬರುತ್ತದೆಂದು ನೆಚ್ಚಿಕೊಳ್ಳುವಂತಿಲ್ಲ. ವಿಂಡೋಸ್‌ಗೆ ಬೇರೆ ಹೆಸರಿನಲ್ಲಿ ಲಾಗಿನ್ ಆದರೂ ಟಿಕ್ ಹೊಸದಾಗಿ ಹಾಕಬೇಕು.

ಈ ಬಿಗಿ ಅನವಶ್ಯಕವೇನಲ್ಲ. 1999ರ ಮಾರ್ಚ್‌ನಲ್ಲಿ ಹಬ್ಬಿದ ಮೆಲಿಸ್ಸಾ ಎಂಬ ಮ್ಯಾಕ್ರೋ ವೈರಸ್, ವರ್ಡ್‌ನ ಮೂಲ ಟೆಂಪ್ಲೇಟಿಗೆ ತನ್ನ ಕೋಡನ್ನೇ ಬರೆದುಕೊಂಡು, ಔಟ್‌ಲುಕ್‌ನ ಮೊದಲ 50 ವಿಳಾಸಗಳಿಗೆ ತನ್ನನ್ನು ಕಳಿಸಿಕೊಳ್ಳುತ್ತಿತ್ತು. ಕೋಡೇ ಕೋಡನ್ನು ಬರೆಯಬಲ್ಲದೆಂದರೆ ಅಪಾಯ ಅಷ್ಟಿದೆ.

ರಿಪೇರಿಗೆ ಬಂದವರು ‘ಎನೇಬಲ್ ಆಲ್ ಮ್ಯಾಕ್ರೋಸ್’ ಒತ್ತಿ ಹೋದರೆ ಅದು ರಿಪೇರಿಯೇ ಅಲ್ಲ. ನಿಮ್ಮದೇ ಫೈಲುಗಳ ಒಂದು ಫೋಲ್ಡರನ್ನು ವಿಶ್ವಾಸದ ಜಾಗವೆಂದು ಟ್ರಸ್ಟ್ ಸೆಂಟರ್‌ನಲ್ಲಿ ಸೇರಿಸಿ. ಆ ಎರಡನೆಯ ಟಿಕ್ಕನ್ನು ಕೆಲಸ ಮುಗಿದ ಕೂಡಲೇ ತೆಗೆದುಬಿಡಿ.